ವಾಯಿದೆ ದಿನವೇ ನಿಲ್ಲುವ ಬೈಕು

೭ ಅಕ್ಟೋಬರ್ ೧೯೮೧, ಬುಧವಾರ. ನ್ಯಾಮತಿ

ಆಯುಧಪೂಜೆ. ಬೀದಿಯುದ್ದಕ್ಕೂ ಒಡೆದ ಬೂದಗುಂಬಳ, ಕೆಂಪು ನೀರು. ಬಸ್ಸಿಗೆ ಬಾಳೆಕಂದು, ಲಾರಿಗೆ ಹಾರ, ಹಿಟ್ಟಿನ ಗಿರಣಿಗೆ ಮೂರು ಪಟ್ಟೆ ವಿಭೂತಿ. ವರ್ಷವಿಡೀ ಆ ಗಿರಣಿ ತಿರುಗಿಸುವ ಆಳಿಗೆ ಏನು? ಒಂದು ಹಿಡಿ ಮಂಡಕ್ಕಿ. ಯಂತ್ರಕ್ಕೆ ಕೈಮುಗಿಯುವ ದೇಶ, ಯಂತ್ರ ತಿರುಗಿಸುವ ಕೈಯನ್ನು ದೂರ ಇಡುವ ದೇಶ. ಈ ಸಾಲು ಕರಪತ್ರಕ್ಕೆ ಆಗುತ್ತದೆ.

ನಮ್ಮ ಬೈಕಿಗೆ ಪೂಜೆ ಇಲ್ಲ ಎಂದು ಅವ್ವನಿಗೆ ಬೆಳಿಗ್ಗೆಯೇ ಹೇಳಿದೆ. ಇದು ಗೇಣಿದಾರರ ಸಂಘದ ಬೈಕು. ಹದಿಮೂರು ಊರಿನ ಗೇಣಿದಾರರು ಸೇರಿ ಕೊಂಡ ಹಳೆಯ ಗಾಡಿ. ಸಂಘದ ಕಾರ್ಯದರ್ಶಿ ಅಂತ ನನ್ನ ಮನೆಯಲ್ಲಿದೆ. ತುಕ್ಕು ಕೆರೆದು ಕೆಂಪು ಬಣ್ಣ ಬಳಿದವನೂ ನಾನೇ. ಟ್ಯಾಂಕು, ಟ್ಯಾಂಕಿನ ಮುಚ್ಚಳ, ಮಡ್‌ಗಾರ್ಡು, ಎಲ್ಲ ಕೆಂಪು. ಕುಂಕುಮದ ಬೊಟ್ಟಿಗೆ ಅದರ ಮೇಲೆ ಜಾಗವಿಲ್ಲ ಎಂದೆ.

ಅವ್ವ ಎಲೆ-ಅಡಿಕೆ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. “ನಾನ್ಯಾಕೆ ಮಾಡಾಕೆ ಬರ್ಲಪ್ಪಾ? ಕುಂಕುಮ ಮುಟ್ಟೋ ಕೈನಾ ಇದು?” ಎಂದಳು. ಅಪ್ಪ ಸತ್ತು ಹನ್ನೊಂದು ವರ್ಷ. ಅದೂ ಒಂದು ಗೊಡ್ಡು ಕಟ್ಟಳೆ, ಗಂಡ ಸತ್ತರೆ ಹಣೆಯ ಹಕ್ಕು ಹೋಗುತ್ತದೆ ಎಂದು ಬರೆದವರು ಗಂಡಸರು ಎಂದು ವಿವರಿಸತೊಡಗಿದೆ. ಅವಳು ಅಡಿಕೆ ಕತ್ತರಿಸತೊಡಗಿದಳು.

೧೭ ಅಕ್ಟೋಬರ್, ಶನಿವಾರ

ಸೋಮವಾರ ದ್ಯಾಮಮ್ಮನ ವಾಯಿದೆ, ಹೊನ್ನಾಳಿಯ ಭೂ ನ್ಯಾಯಮಂಡಳಿಯಲ್ಲಿ. ಗೋವಿನಕೋವಿಯ ಈ ಮುದುಕಿ ಪಂಚಾಕ್ಷರಪ್ಪನ ಎರಡೆಕರೆಯನ್ನು ಮೂವತ್ತೆಂಟು ವರ್ಷದಿಂದ ಗೇಣಿಗೆ ಉಳುತ್ತಿದ್ದಾಳೆ. ಗೇಣಿ ಅಳೆದದ್ದಕ್ಕೆ ಒಂದು ಚೀಟಿಯಿಲ್ಲ. ಪಹಣಿಯಲ್ಲಿ ಹೆಸರಿಲ್ಲ. ಉಳುವವನೇ ಒಡೆಯ ಎಂದು ಕಾನೂನು ಬಂತು. ಉಳುವವಳು ಇವಳೇ ಎಂದು ಯಾರು ಹೇಳಬೇಕು?

ಹೇಳಬಲ್ಲವನು ಒಬ್ಬನೇ, ಬೆನಕಪ್ಪ. ಪಂಚಾಕ್ಷರಪ್ಪನ ಮನೆಯಲ್ಲಿ ಇಪ್ಪತ್ತು ವರ್ಷ ಆಳಾಗಿದ್ದವನು. ಪ್ರತಿ ಸುಗ್ಗಿಯಲ್ಲಿ ದ್ಯಾಮಮ್ಮನ ಕಣದಿಂದ ಗೇಣಿ ಭತ್ತ ಅಳೆದು ಗಾಡಿಗೆ ಹೇರಿದ ಕೈ ಅವನದು. ಈಗ ಒಂದು ಕಾಲು ಸೋತು ಚನ್ನಗಿರಿ ದಾರಿಯ ನಾಲೆಯಾಚೆಗಿನ ಹಳ್ಳಿಯಲ್ಲಿ ಮಗಳ ಮನೆ ಸೇರಿದ್ದಾನೆ. ಅಲ್ಲಿಗೆ ಬಸ್ಸಿಲ್ಲ. ಎತ್ತಿನ ಗಾಡಿಯಲ್ಲಿ ಹೊರಟರೆ ಹೊನ್ನಾಳಿ ಮುಟ್ಟುವುದು ಮಧ್ಯಾಹ್ನ. ನ್ಯಾಯಮಂಡಳಿ ಹೆಸರು ಕೂಗುವುದು ಹನ್ನೊಂದಕ್ಕೆ. ನಾನೇ ಬೈಕಿನಲ್ಲಿ ಹೋಗಿ ಅವನನ್ನು ಕರೆತರಬೇಕು. ಎರಡೆಕರೆ ಈ ಬೈಕಿನ ಹಿಂದಿನ ಸೀಟಿನ ಮೇಲಿದೆ.

ಸಂಜೆ ಬೈಕನ್ನು ದುರುಗನ ಶೆಡ್ಡಿಗೆ ಒಯ್ದೆ. ಬಸ್‌ಸ್ಟ್ಯಾಂಡ್ ಹಿಂದಿನ ತಗಡಿನ ಶೆಡ್ಡು. ದುರುಗ ನಮ್ಮ ಸಂಘದವನೇ, ಊರಾಚೆಯ ಕೇರಿಯವನು. ಪ್ಲಗ್ ಬಿಚ್ಚಿದ, ಉಪ್ಪುಕಾಗದದಿಂದ ಪಾಯಿಂಟ್ ಉಜ್ಜಿದ, ಕಾರ್ಬೊರೇಟರ್ ಊದಿದ.

“ಮೇಷ್ಟ್ರೇ, ನೀವೂ ಸ್ವಲ್ಪ ಕಲ್ತ್ಕಳ್ರಿ. ದಾರಿ ನಡುವೆ ನಿಂತ್ರೆ ನಾನೇನು ಹಾರ್ಕಂಡ್ ಬರ್ತೀನಾ?”

“ನಂಗೆ ಬೇರೆ ಕೆಲ್ಸ ಐತೆ ಕಣೋ ದುರುಗಾ.”

“ಐತೆ ಬಿಡ್ರಿ. ಆದ್ರೂ ಕೇಳ್ರಿ. ಗಾಡಿಗೆ ಮೂರೇ ಬೇಕು. ಬೆಂಕಿ, ಎಣ್ಣೆ, ಗಾಳಿ. ನಿಂತ್ರೆ ಒಂದೊಂದನ್ನೇ ಕೇಳ್ಬೇಕು, ಏನಪ್ಪಾ ನೀನು ಬಂದೀಯಾ, ನೀನು ಬಂದೀಯಾ ಅಂತ. ಎಲ್ಲಾ ಒಟ್ಟಿಗೆ ಬಿಚ್ಚಿ ಕೂತ್ರೆ ಯಾವ್ದು ಕೈ ಕೊಡ್ತು ಅಂತ ಸಾಯೋ ತನಕ ಗೊತ್ತಾಗಲ್ಲ.”

ಪಾಠ ಹೇಳುವವನು ನಾನು. ಪೇಪರ್ ತೆಗೆದು ಓದುತ್ತ ಕೂತೆ.

೧೯ ಅಕ್ಟೋಬರ್, ಸೋಮವಾರ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹೋಟೆಲು, ಮಧ್ಯಾಹ್ನ

ಹೋಯಿತು.

ನ್ಯಾಮತಿ ಬಿಟ್ಟು ಐದಾರು ಮೈಲಿಗೆ ಹುಣಸೆಮರದ ತಿರುವಿನಲ್ಲಿ ಬೈಕು ಕೆಮ್ಮಿತು, ಎಳೆಯಿತು, ಸತ್ತಿತು. ಐವತ್ತು ಕಿಕ್ ಹೊಡೆದಿರಬೇಕು. ಮೊಣಕಾಲಿನ ಚಿಪ್ಪು ಹಾರಿಹೋಗುವಂತಾಯಿತು. ಪ್ಲಗ್ ಬಿಚ್ಚಿ ಪಂಚೆಯ ಅಂಚಿನಿಂದ ಒರೆಸಿದೆ, ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲ್ ತುಂಬಿತ್ತು. ಕಿಕ್ ಹೊಡೆದರೆ ಶುರುವಾಯಿತು. ಪ್ಲಗ್‌ದೇ ತೊಂದರೆ ಎಂದುಕೊಂಡೆ. ಮತ್ತೆ ಐದು ಮೈಲಿಗೆ ಸತ್ತಿತು. ಮತ್ತೆ ಪ್ಲಗ್, ಮತ್ತೆ ಶುರು, ಮತ್ತೆ ಸಾವು. ಬೆನಕಪ್ಪನ ಹಳ್ಳಿ ಮುಟ್ಟಿದಾಗ ಹನ್ನೆರಡೂವರೆ.

ಇಲ್ಲಿ ದ್ಯಾಮಮ್ಮ ಒಬ್ಬಳೇ ನಿಂತಿದ್ದಳಂತೆ. ಸಾಕ್ಷಿ ಎಲ್ಲಿ ಎಂದರೆ, ಮೇಷ್ಟ್ರು ಕರ್ಕಂಡ್ ಬರ್ತಾರೆ ಎಂದಳಂತೆ. ಪಂಚಾಕ್ಷರಪ್ಪನ ಕಡೆಯವರು ನಕ್ಕರಂತೆ. ನವೆಂಬರ್ ಒಂಬತ್ತಕ್ಕೆ ಮುಂದಕ್ಕೆ ಹೋಗಿದೆ.

ನಾನು ಅವಳ ಮುಖ ನೋಡಲಾರದೆ ಬೈಕನ್ನು ಬೈಯುತ್ತ ನಿಂತಿದ್ದೆ. ಅವಳೇ ಸಮಾಧಾನ ಹೇಳಿದಳು. “ನಿಲ್ತು ಅಂದ್ರೆ ನಿಲ್ತು ಬಿಡಪ್ಪಾ. ನನ್ನ ಎತ್ತೂ ನಿಲ್ತಿತ್ತು. ಅದರ ಕಣ್ಣು ನೋಡಿದ್ರೆ ಯಾಕೆ ಅಂತ ಗೊತ್ತಾಗೋದು. ಇದಕ್ಕೆ ಕಣ್ಣು ಎಲ್ಲೈತೆ?”

೨೨ ಅಕ್ಟೋಬರ್, ಗುರುವಾರ

ಮೂರು ದಿನದಿಂದ ಬೈಕು ಗುಂಡು ಹಾರಿದಂತೆ ಓಡುತ್ತಿದೆ. ಸೂರಗೊಂಡನಕೊಪ್ಪಕ್ಕೆ ಹೋಗಿ ಬಂದೆ, ಗೋವಿನಕೋವಿಗೆ ಎರಡು ಸಲ. ಒಂದು ಕೆಮ್ಮಿಲ್ಲ. ಹಾಗಾದರೆ ಸೋಮವಾರ ಮಾತ್ರ ಏನಾಗಿತ್ತು?

ದುರುಗ ಬೈಕನ್ನು ಅಡಿಮೇಲು ಮಾಡಿ ನೋಡಿದ. ಏನೂ ಸಿಗಲಿಲ್ಲ ಎಂದ.

“ಪ್ಲಗ್ ಒರೆಸಿದ್ರಿ. ಆಮೇಲೆ ಏನು ಮಾಡಿದ್ರಿ?”

“ಏನೂ ಇಲ್ಲ. ಕಿಕ್ ಹೊಡ್ದೆ.”

“ಏನೂ ಇಲ್ವಾ? ಸ್ವಲ್ಪ ಯೋಚ್ನೆ ಮಾಡ್ರಿ.”

“ಏನೂ ಇಲ್ಲ ಅಂದ್ನಲ್ಲ. ನಾನೇನು ಸಾಕ್ಷಿ ಕಟ್ಟೆಯಾಗೆ ನಿಂತೀನಾ?”

ಅವನು ಕಾಯಿಲ್ ಬದಲಾಯಿಸಿದ, ಸುಮ್ಮನಾದ. ಆ ಸುಮ್ಮನಿರುವಿಕೆ ನನಗೆ ಸರಿ ಕಾಣಲಿಲ್ಲ. ಅವನ ಶೆಡ್ಡಿನ ಜಾಗ ಪಂಚಾಕ್ಷರಪ್ಪನ ದಾಯಾದಿಯದು. ಹೋದ ವಾರ ಪಂಚಾಕ್ಷರಪ್ಪನ ಗುಮಾಸ್ತನ ಜೊತೆ ಇವನು ಟೀ ಕುಡಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ವಾಯಿದೆಯ ಹಿಂದಿನ ದಿನಗಳಲ್ಲಿ ಬೈಕು ಮುಟ್ಟಿದವನು ಇವನೊಬ್ಬನೇ.

ಉಳಿದ ದಿನ ಓಡಿ ವಾಯಿದೆ ದಿನ ಮಾತ್ರ ನಿಲ್ಲುತ್ತದೆ ಎಂದರೆ ಅದು ಯಂತ್ರದ ಕೆಲಸವಲ್ಲ, ವರ್ಗದ ಕೆಲಸ.

೨೫ ಅಕ್ಟೋಬರ್, ಭಾನುವಾರ

ಸಂಘದ ಸಭೆ. ಎದ್ದು ನಿಂತು ಎಲ್ಲ ಹೇಳಿದೆ. ಶೆಡ್ಡಿನ ಜಾಗ, ಗುಮಾಸ್ತ, ಟೀ, ಕಾಯಿಲ್. ಶತ್ರು ಕೋಟೆಯ ಹೊರಗಿರುತ್ತಾನೆ, ದ್ರೋಹಿ ಅಡುಗೆಮನೆಯಲ್ಲಿರುತ್ತಾನೆ ಎಂದೆ. ಚಪ್ಪಾಳೆ ಬಿತ್ತು.

ದುರುಗ ಕೂತಲ್ಲಿಂದ ಏಳಲಿಲ್ಲ. “ಮೇಷ್ಟ್ರೇ, ನಾನು ಕೆಡಿಸಿದ್ರೆ ಎಲ್ಲಿ ಕೆಡಿಸ್ದೆ ಅಂತ ತೋರಿಸ್ರಿ. ಬೆಂಕಿಯಾಗಾ, ಎಣ್ಣೆಯಾಗಾ? ತೋರಿಸಿದ್ರೆ ನಾನೇ ಕಸುಬು ಬಿಡ್ತೀನಿ.”

“ಅದು ಗೊತ್ತಿರೋನು ನೀನು. ನಾನಲ್ಲ.”

“ಅದೇ ಹೇಳಿದ್ದು. ನಿಮಗೆ ಗೊತ್ತಿಲ್ಲ” ಎಂದ.

ಹೊರಹಾಕಲು ಎಲ್ಲರೂ ಕೈ ಎತ್ತಿದರು. ದ್ಯಾಮಮ್ಮ ಎತ್ತಲಿಲ್ಲ. ಅವಳಿಗಾಗಿಯೇ ಇಷ್ಟೆಲ್ಲ, ಅವಳೇ ಎತ್ತಲಿಲ್ಲ. ರಾಜಕೀಯ ತಿಳುವಳಿಕೆ ಬರಲು ಇನ್ನೂ ಸಮಯ ಬೇಕು.

೨೮ ಅಕ್ಟೋಬರ್, ಬುಧವಾರ

ಶೆಡ್ಡಿನ ಬಾಗಿಲ ಹಲಗೆಯ ಮೇಲೆ ಯಾರೋ ಮೊಳದುದ್ದ ಅಕ್ಷರದಲ್ಲಿ “ದ್ರೋಹಿ” ಎಂದು ಬರೆದಿದ್ದಾರೆ. ಬಣ್ಣ ಕೆಂಪು. ಸಂಘದ ಇಬ್ಬರು ಮೊನ್ನೆ ಬಂದು, ಬೈಕಿಗೆ ಬಳಿದು ಉಳಿದಿದ್ದ ಡಬ್ಬಿ ಕೇಳಿ ಒಯ್ದಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ.

ಸಂತೆಗೆ ಹೋಗಿ ಬಂದ ಅವ್ವ ಏನು ಬರೆದಿದೆ ಎಂದು ಕೇಳಿದಳು. ಅವಳಿಗೆ ಓದು ಬಾರದು. ಹೇಳಿದೆ.

“ಎರಡೇ ಅಕ್ಷರಾನಾ ಅದು? ಬಾಳ ದೊಡ್ಡದು ಕಂಡಂಗಾತು” ಎಂದು ಒಳಗೆ ಹೋದಳು.

೯ ನವೆಂಬರ್, ಸೋಮವಾರ. ಹೊನ್ನಾಳಿ

ಮತ್ತೆ ಹೋಯಿತು.

ಈ ಸಲ ಹೊನ್ನಾಳಿಯ ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸಿದ್ದೆ. ಪ್ಲಗ್ ಹೊಸದು. ಎರಡು ದಿನದಿಂದ ಬೈಕು ನಡುಮನೆಯಲ್ಲಿತ್ತು. ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದೆ. ಬೆಳಿಗ್ಗೆ ಆರಕ್ಕೇ ಹೊರಟೆ. ನಾನು ಏಳುವ ಹೊತ್ತಿಗೆ ಅವ್ವ ಎದ್ದು ಬೈಕಿನ ಪಕ್ಕ ನಿಂತಿದ್ದಳು. ಚಳಿಗೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. “ಹುಷಾರಾಗಿ ಹೋಗಿ ಬಾ” ಎಂದಳು.

ಅದೇ ಹುಣಸೆಮರ. ಅದೇ ಕೆಮ್ಮು.

ಪ್ಲಗ್ ಬಿಚ್ಚಿದೆ, ಪಾಯಿಂಟ್ ಉಜ್ಜಿದೆ, ವೈರು ಎಳೆದೆ, ಪೆಟ್ರೋಲ್ ನೋಡಿದೆ, ಪೈಪ್ ಬಡಿದೆ. ಶುರುವಾಯಿತು. ಯಾವುದರಿಂದ ಎಂದು ಕೇಳಿದರೆ ಹೇಳಲಾರೆ. ಹೀಗೆ ನಾಲ್ಕು ಸಲ. ಬೆನಕಪ್ಪ ಹಿಂದೆ ಕೂತ ಮೇಲೂ ಒಮ್ಮೆ ನಿಂತಿತು. ಅವನು ರಸ್ತೆಬದಿಯ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. “ಮೇಷ್ಟ್ರೇ, ನಂದೊಂದು ಕಾಲು ಕುಂಟು. ನಿಮ್ಮ ಗಾಡೀದು ಎರಡೂ ಕುಂಟು. ನಾವಿಬ್ರೂ ಸೇರಿ ಆಯಮ್ಮನ ಹೊಲ ಉಳಿಸ್ತೀವಾ?”

ಹನ್ನೆರಡೂಕಾಲು ಗಂಟೆಗೆ ಬಂದೆವು. ಮುಂದಿನ ಪ್ರಕರಣ ನಡೆಯುತ್ತಿತ್ತು. ನವೆಂಬರ್ ಮೂವತ್ತು, ಅದೇ ಕೊನೆಯ ವಾಯಿದೆ, ಅಂದು ಸಾಕ್ಷಿ ಬಾರದಿದ್ದರೆ ಇದ್ದ ಕಾಗದದ ಮೇಲೆಯೇ ತೀರ್ಮಾನ ಎಂದರು. ಇದ್ದ ಕಾಗದ ಎಂದರೆ ಪಂಚಾಕ್ಷರಪ್ಪನ ಕಾಗದ.

ಆ ದುರುಗ ಮೊದಲೇ ಬೈಕಿನ ಒಳಗೆ ಏನೋ ಕೂಡಿಸಿಟ್ಟಿರಬೇಕು.

೧೦ ನವೆಂಬರ್, ಮಂಗಳವಾರ

ಬೀಗ ನನ್ನದು. ಕೀಲಿ ನನ್ನದು. ಅವನು ಮುಟ್ಟಿ ಹದಿನೈದು ದಿನದ ಮೇಲಾಯಿತು.

೧೪ ನವೆಂಬರ್, ಶನಿವಾರ

ನಾಲ್ಕು ದಿನದಿಂದ ಶಾಲೆ ಬಿಟ್ಟ ಮೇಲೆ ಬೈಕಿನ ಮುಂದೆ ಕೂಡುತ್ತೇನೆ. ಕಾರ್ಬೊರೇಟರ್ ಬಿಚ್ಚಿ ಮತ್ತೆ ಕೂಡಿಸಲು ಮೊದಲ ದಿನ ಮೂರು ಗಂಟೆ ಬೇಕಾಯಿತು, ಇವತ್ತು ಅರ್ಧ. ಒಳಗೆ ಹಿತ್ತಾಳೆಯ ಸಣ್ಣ ಜೆಟ್ ಇದೆ, ಕೂದಲೆಳೆಯಷ್ಟು ತೂತು. ಇಷ್ಟು ದೊಡ್ಡ ಬೈಕು ಓಡುವುದು ಅಷ್ಟು ಸಣ್ಣ ತೂತಿನಿಂದ. ಬಾಯಲ್ಲಿಟ್ಟು ಊದಿದರೆ ನಾಲಿಗೆ ಸುಡುತ್ತದೆ. ನಿನ್ನೆ ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಕರಿಯಾಯಿತು. ಮಕ್ಕಳು ನಕ್ಕರು.

ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಹಾರುತ್ತದೆ. ಬೆಂಕಿ ಇದೆ. ಪೈಪ್ ಬಿಚ್ಚಿದರೆ ಪೆಟ್ರೋಲ್ ಧಾರೆಯಾಗಿ ಬೀಳುತ್ತದೆ. ಎಣ್ಣೆ ಇದೆ. ಒಂದೊಂದನ್ನೇ ಕೇಳಬೇಕು. ಆದರೆ ಕೇಳುವುದು ಯಾರನ್ನು? ಬೈಕು ಓಡುತ್ತಿದೆ. ನಿಲ್ಲದ ಗಾಡಿಯನ್ನು ರಿಪೇರಿ ಮಾಡುವುದು ಹೇಗೆ?

ಬಸ್‌ಸ್ಟ್ಯಾಂಡ್ ಹಿಂದೆ ಹಾದುಬಂದೆ. ಶೆಡ್ಡಿನ ಮುಂದೆ ಒಂದು ಸೈಕಲ್ಲು ಬಿಟ್ಟರೆ ಏನೂ ಇಲ್ಲ. ಬಾಗಿಲ ಹಲಗೆ ಖಾಲಿ ಇದೆ. ಕೆರೆದು ಹಾಕಿದ್ದಾನೆ.

ಕರಪತ್ರ ಬರೆಯಲು ಕೂತೆ. ಆಗಲಿಲ್ಲ.

೨೨ ನವೆಂಬರ್, ಭಾನುವಾರ

ಇವತ್ತಿನದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಅವ್ವನ ತಂಗಿ ಲಕ್ಷ್ಮಕ್ಕನಿಗೆ ಹುಷಾರಿಲ್ಲವೆಂದು ನಿನ್ನೆ ಶಾಲೆಗೆ ಸುದ್ದಿ ಬಂತು. ಮನೆಗೆ ಬಂದವನೇ ಅವ್ವನನ್ನು ಹಿಂದೆ ಕೂರಿಸಿಕೊಂಡು ಜಗಳೂರಿನ ಕಡೆ ಹೊರಟೆ. ಅವಳಿರುವುದು ನಮ್ಮ ಹುಟ್ಟೂರು ಬಿಳಿಚೋಡಿನಲ್ಲಿ. ಅಷ್ಟು ದೂರವೂ ಬೈಕು ಎಲ್ಲೂ ನಿಲ್ಲಲಿಲ್ಲ. ಲಕ್ಷ್ಮಕ್ಕ ಎದ್ದು ಕೂತು ರೊಟ್ಟಿ ಬಡಿಯುತ್ತಿದ್ದಳು. ಇವತ್ತು ಬೆಳಿಗ್ಗೆ ಜಗಳೂರಿಗೆ ಹೋಗಿ ಟ್ಯಾಂಕ್ ತುಂಬಿಸಿ ತಂದೆ. ಊಟ ಮುಗಿಸಿ ವಾಪಸ್ ಹೊರಟೆವು. ನಾನು ಒಳಗೆ ಹೇಳಿಬರುವಷ್ಟರಲ್ಲಿ ಅವ್ವ ಮುಂಚೆಯೇ ಬೈಕಿನ ಹತ್ತಿರ ಹೋಗಿ ನಿಂತಿದ್ದಳು.

ಬಿಳಿಚೋಡು ದಾಟಿ ಐದು ಮೈಲಿ. ಎರಡೂ ಕಡೆ ಜಾಲಿ, ದೂರದಲ್ಲಿ ಕುರಿಮಂದೆ. ಕೆಮ್ಮಿತು, ಎಳೆಯಿತು, ಸತ್ತಿತು.

ನಿಂತಿತಲ್ಲ ಎಂದು ನನಗೆ ಸಂತೋಷವಾಯಿತು. ಬರೆದರೆ ವಿಚಿತ್ರ ಅನ್ನಿಸುತ್ತದೆ, ಆದರೆ ಹೌದು. ಈಗ ಕೇಳಬಹುದು. ಅವ್ವನನ್ನು ಕಲ್ಲಿನ ಮೇಲೆ ಕೂರಿಸಿದೆ. ಕಿಕ್ ಹೊಡೆಯುತ್ತ ಕೂಡಲಿಲ್ಲ. ಪ್ಲಗ್ ಬಿಚ್ಚಿ ತಾಗಿಸಿದೆ, ನೀಲಿ ಕಿಡಿ. ಬೆಂಕಿ ಬಂದಿದೆ. ಪ್ಲಗ್ ಮತ್ತೆ ಹಾಕಿದೆ, ಬೇರೇನೂ ಮುಟ್ಟಲಿಲ್ಲ. ಅವ್ವನ ತಂಬಿಗೆಯ ನೀರು ಚೆಲ್ಲಿ, ಪೆಟ್ರೋಲ್ ಪೈಪ್ ಬಿಚ್ಚಿ ಅದಕ್ಕೆ ಹಿಡಿದೆ. ನಾಲ್ಕು ಹನಿ ಬಿತ್ತು. ನಿಂತಿತು.

ತುಂಬಿದ ಟ್ಯಾಂಕು. ತೆರೆದ ಪೈಪು. ಹನಿ ಇಲ್ಲ.

ಟ್ಯಾಂಕಿನಡಿ ಪೆಟ್ರೋಲ್ ಬಿಡುವ ಕಾಕ್ ಕಟ್ಟಿಕೊಂಡಿದೆಯೇ? ಅದನ್ನು ಬಿಚ್ಚುವ ಮೊದಲು ಪೆಟ್ರೋಲ್ ಇದೆಯೇ ನೋಡೋಣ ಎಂದು ಮುಚ್ಚಳ ತಿರುಗಿಸಿದೆ. ಹಾವು ಬುಸುಗುಟ್ಟಿದ ಹಾಗೆ ಟ್ಯಾಂಕು ಗಾಳಿ ಎಳೆದುಕೊಂಡಿತು. ಕೆಳಗೆ ತಂಬಿಗೆಗೆ ಪೆಟ್ರೋಲ್ ಧಾರೆ ಸುರಿಯತೊಡಗಿತು. ಮುಚ್ಚಳ ಹಾಕಿದೆ. ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು. ತೆಗೆದೆ, ಸುರಿಯಿತು. ಹಾಕಿದೆ, ನಿಂತಿತು. ಹೀಗೆ ಮೂರು ಸಲ ಮಾಡಿದೆ. ಹೊನ್ನಾಳಿ ದಾರಿಯಲ್ಲೂ ಪ್ರತಿ ಸಲ ಪ್ಲಗ್ ಒರೆಸಿದ ಮೇಲೆ ಮುಚ್ಚಳ ತೆಗೆದು ನೋಡಿದ್ದೆ. ಅದನ್ನೇ ಏನೂ ಇಲ್ಲ ಎಂದಿದ್ದೆ.

ಮುಚ್ಚಳದ ನೆತ್ತಿಯ ಮೇಲೆ ಸಣ್ಣ ಗುಳಿ, ಗುಳಿಯೊಳಗೆ ಗಾಳಿ ಹೋಗಲು ಗುಂಡುಸೂಜಿಯಷ್ಟು ತೂತು. ತೂತು ಕಾಣಲಿಲ್ಲ. ಗುಳಿ ತುಂಬ ಕೆಂಪು. ಬಣ್ಣವೂ ಕೆಂಪು, ಆದ್ದರಿಂದ ಇಷ್ಟು ದಿನ ಕಂಡಿರಲಿಲ್ಲ. ಜಾಲಿಮುಳ್ಳು ಮುರಿದು ತಂದು ಕೆದಕಿದೆ. ಕೆಂಪು ಪುಡಿ ಉದುರಿತು, ಅದರಡಿಯಿಂದ ಹಳದಿ ಮೇಣದ ಉಂಡೆ ಬಂತು. ಮೂಗಿನ ಹತ್ತಿರ ಹಿಡಿದೆ. ಜೇನುಮೇಣ. ಅಪ್ಪ ಬದುಕಿದ್ದಾಗ ಅವ್ವ ಬೆಳಿಗ್ಗೆ ಹಣೆಗೆ ಮೊದಲು ಮೇಣ ಒತ್ತಿ, ಅದರ ಮೇಲೆ ಕುಂಕುಮ ಇಡುತ್ತಿದ್ದಳು, ಬೆವರಿಗೆ ಕರಗಬಾರದೆಂದು. ಆ ವಾಸನೆ.

ತಿರುಗಿ ನೋಡಿದೆ. ಅವ್ವ ಕಲ್ಲಿನಿಂದ ಎದ್ದು ನಿಂತಿದ್ದಳು.

“ಏನು ತೆಗ್ದೆ ತಿಪ್ಪೇಶ?”

“ಮೇಣ.”

“ಅದರಿಂದ ಗಾಡಿಗೇನಾತು?”

“ಗಾಳಿ ಹೋಗೋ ತೂತು ಅವ್ವಾ ಅದು. ಮುಚ್ಚಿದ್ರೆ ಎಣ್ಣೆ ಇಳಿಯಲ್ಲ.”

ಅವಳು ಮುಚ್ಚಳವನ್ನು ಕೈಗೆ ತೆಗೆದುಕೊಂಡು ನೋಡಿದಳು. “ನಂಗೇನು ಗೊತ್ತಪ್ಪಾ. ದುಂಡಗೆ ಮುಖದಂಗೆ ಐತೆ, ನಡುವೆ ಗುಳಿ ಐತೆ. ಬೊಟ್ಟಿಡಾಕೆ ಬಿಟ್ಟಾರೆ ಅಂದ್ಕಂಡೆ.”

“ಎಷ್ಟು ಸಲ ಇಟ್ಟೆ?”

“ಇದು ಮೂರನೇದು. ಹಬ್ಬದ ದಿನ ಇಡ್ಲಿಲ್ಲ, ನೀನು ಬ್ಯಾಡ ಅಂದಿದ್ದೆ. ವಾಯಿದೆ ದಿನ ಮನಸ್ಸು ತಡೀಲಿಲ್ಲ. ಇವತ್ತು ದೂರದ ದಾರಿ ಅಂತ ಇಟ್ಟೆ.”

ನಡುವಿನ ದಿನಗಳಲ್ಲಿ ಬಿಸಿಲಿಗೂ ಪೆಟ್ರೋಲಿನ ಆವಿಗೂ ಮೇಣ ಕರಗಿ ತೂತು ತಾನಾಗಿ ಬಿಡುತ್ತಿತ್ತು. ಅವಳು ಮತ್ತೆ ಮುಚ್ಚುತ್ತಿದ್ದುದು ದೊಡ್ಡ ಕೆಲಸವೋ ದೂರದ ದಾರಿಯೋ ಇದ್ದ ದಿನ ಮಾತ್ರ.

“ಒಂದು ಮಾತು ಹೇಳಬಾರದಾಗಿತ್ತಾ?”

“ಯಾರಿಗೆ ಹೇಳ್ಲಿ? ಗಂಡ ಸತ್ತೋಳು ಕುಂಕುಮ ಮುಟ್ಟಬಾರ್ದು ಅಂತಾರೆ ಊರೋರು. ಕುಂಕುಮಾನೇ ಬ್ಯಾಡ ಅಂತಿ ನೀನು. ಇಬ್ರ ಕಣ್ಣಿಗೂ ಬೀಳ್ದಂಗೆ ಎಲ್ಲಿಡ್ಲಿ?”

ಸಂಚಿ ಬಿಚ್ಚಿ ಸಣ್ಣ ಮರದ ಡಬ್ಬಿ ತೋರಿಸಿದಳು. ಹನ್ನೊಂದು ವರ್ಷದಿಂದ ಆ ಡಬ್ಬಿ ಅಲ್ಲಿದೆ. ಸುಣ್ಣದ ಡಬ್ಬಿ ಎಂದುಕೊಂಡಿದ್ದೆ.

ಆಮೇಲೆ ಅವಳೇ ಕೇಳಿದಳು. “ಹಂಗಾದ್ರೆ ಆ ದುರುಗ ಏನೂ ಮಾಡಿರ್ಲಿಲ್ಲ?”

“ಇಲ್ಲ.”

“ಆ ಎರಡಕ್ಷರ?”

ನಾನು ಪೈಪ್ ಕೂಡಿಸಿ ಕಿಕ್ ಹೊಡೆದೆ. ಒಂದೇ ಕಿಕ್ಕಿಗೆ ಶುರುವಾಯಿತು.

೨೪ ನವೆಂಬರ್, ಮಂಗಳವಾರ

ಸಭೆಗೆ ಓದಲು ಬರೆದೆ. “ತಾಂತ್ರಿಕ ದೋಷದ ಕುರಿತು ಉಂಟಾದ ತಪ್ಪು ಗ್ರಹಿಕೆಯನ್ನು ಸಂಘಟನೆಯು ಆತ್ಮವಿಮರ್ಶೆಗೆ ಒಳಪಡಿಸಿ.” ಎರಡು ಪುಟ. ಅದರಲ್ಲಿ ದುರುಗಣ್ಣನ ಹೆಸರು ಒಂದು ಸಲ ಬರುತ್ತದೆ. ನನ್ನ ಹೆಸರು ಬರುವುದೇ ಇಲ್ಲ. ಹರಿದೆ.

ಮೂವತ್ತನೇ ತಾರೀಖು ಮುಗಿಯಲಿ, ಕೇಸು ಕೈಗೆ ಬಂದ ಮೇಲೆ ಹೇಳಿದರಾಯಿತು, ಈಗ ಹೇಳಿದರೆ ಸಂಘ ಒಡೆಯುತ್ತದೆ ಎಂದು ಅವ್ವನಿಗೆ ಹೇಳಿದೆ.

“ನನ್ನ ಹೆಸ್ರು ಹೇಳು. ಗಾದ್ರಮ್ಮ ಮಾಡಿದ್ದು ಅಂತ ಹೇಳು.”

“ನಗ್ತಾರೆ ಅವ್ವಾ.”

“ಯಾರನ್ನ ನೋಡಿ ನಗ್ತಾರೆ? ನನ್ನನ್ನಾ, ನಿನ್ನನ್ನಾ?”

ಎದ್ದು ಹಿತ್ತಲಿಗೆ ಹೋದೆ. ಬೈಕು ತೊಳೆದೆ. ಅದು ತೊಳೆದೇ ಇತ್ತು.

೨೬ ನವೆಂಬರ್, ಗುರುವಾರ

ಶೆಡ್ಡಿಗೆ ಹೋದೆ. ದುರುಗಣ್ಣ ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಮೋಟಾರು ಗಾಡಿ ಬಿಚ್ಚುವ ಕೈ. ಕೂಡ್ರಿ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ.

“ಅವತ್ತು ಕೇಳಿದ್ನಲ್ಲ, ಪ್ಲಗ್ ಒರೆಸಿದ ಮೇಲೆ ಏನು ಮಾಡಿದ್ರಿ ಅಂತ.”

“ಮುಚ್ಚಳ ತೆಗ್ದು ನೋಡಿದ್ದೆ.”

“ಅದೊಂದು ಮಾತು ಅಂದಿದ್ರೆ ಅವತ್ತೇ ಮುಗೀತಿತ್ತು.” ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿದ. “ಮೇಷ್ಟ್ರೇ, ಒಂದು ಕೇಳ್ತೀನಿ. ಊರ ನಡುವಿನೋರು ಯಾರಾದ್ರೂ ಆ ಗುಮಾಸ್ತನ ಜೊತೆ ಟೀ ಕುಡಿದಿದ್ರೆ ನಿಮಗೆ ಇಷ್ಟು ಬೇಗ ಅನುಮಾನ ಬರ್ತಿತ್ತಾ?”

ಉತ್ತರ ನನ್ನಲ್ಲಿ ಇತ್ತು. ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ಬರುತ್ತಿರಲಿಲ್ಲ.

ತಪ್ಪಾಯ್ತು ದುರುಗಣ್ಣ ಎಂದೆ.

“ಇಲ್ಲಿ ನಾನು ಕೇಳಿಸ್ಕಳಲ್ಲ. ನಟ್ಟು ಎಲ್ಲಿ ಬಿತ್ತೋ ಅಲ್ಲೇ ಹುಡುಕ್ಬೇಕು.”

೨೯ ನವೆಂಬರ್, ಭಾನುವಾರ

ಸಭೆ. ಹೇಳಿದೆ. ಕಾಗದವಿಲ್ಲದೆ, ಮುಚ್ಚಳವನ್ನು ಕೈಯಲ್ಲಿ ಹಿಡಿದು. ಏನು ತಪ್ಪು ತಿಳಿದೆ, ಏನು ಮುಚ್ಚಿಟ್ಟೆ, ಯಾರ ಡಬ್ಬಿಯ ಬಣ್ಣ, ಎಲ್ಲ. ಅವ್ವನ ಹೆಸರು ಸೇರಿಸಿ.

ನಕ್ಕರು. ಬಹಳ ನಕ್ಕರು. ಹಿಂದಿನಿಂದ ಯಾರೋ “ಮೇಷ್ಟ್ರ ವಿಚಾರವಾದಕ್ಕೆ ಗಾಳಿ ತೂತೇ ಇರ್ಲಿಲ್ಲ ಬಿಡ್ರಿ” ಎಂದರು. ಬಾಗಿಲ ಹತ್ತಿರ ನಿಂತಿದ್ದ ಅವ್ವ, “ನಕ್ಕಿದ್ದಾತಲ್ಲ, ಈಗ ದುರುಗನ್ನ ವಾಪಸ್ ಸೇರಿಸ್ಕಳಾಕೆ ಕೈ ಎತ್ರಿ. ಅವತ್ತು ಬ್ಯಾಗ ಎತ್ತಿದ್ರಂತಲ್ಲ” ಎಂದಳು. ದ್ಯಾಮಮ್ಮ ಮೊದಲು ಎತ್ತಿದಳು. ಆಮೇಲೆ ಎಲ್ಲರೂ.

ದುರುಗಣ್ಣ ಬಂದಿರಲಿಲ್ಲ. ಬರುತ್ತಾನೆ ಎಂದು ಯಾಕೆ ಅಂದುಕೊಂಡೆನೋ.

೩೦ ನವೆಂಬರ್, ಸೋಮವಾರ

ಬೆಳಿಗ್ಗೆ ಬೈಕನ್ನು ಬೀದಿಗೆ ತಂದು ನಿಲ್ಲಿಸಿದೆ. ಮುಚ್ಚಳ ತೆಗೆದು ಬಾಯಿಂದ ಊದಿ ನೋಡಿದೆ. ಗಾಳಿ ಹೋಯಿತು. ಅವ್ವ ಒಳಗೆ ನಿಂತಿದ್ದಳು. ಡಬ್ಬಿ ತಾರವ್ವಾ ಎಂದೆ. ತಂದಳು. ಎದುರು ಮನೆಯವರು ನೀರು ಹಿಡಿಯುತ್ತಿದ್ದರು, ಕೊಡ ತುಂಬಿ ಹರಿದರೂ ಇತ್ತಲೇ ನೋಡುತ್ತಿದ್ದರು. “ಎಲ್ಲಿಡ್ಲಿ?” ಎಂದಳು. ಹೆಡ್‌ಲೈಟಿನ ಮೇಲೆ ತೋರಿಸಿದೆ. ಮೇಣ ಒತ್ತಿದಳು, ಕುಂಕುಮ ಇಟ್ಟಳು, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಒಳಗೆ ಹೋದಳು. ನನಗೆ ಈಗಲೂ ಕುಂಕುಮದಲ್ಲಿ ನಂಬಿಕೆಯಿಲ್ಲ.

ಹುಣಸೆಮರ ದಾಟಿದ್ದು ಗೊತ್ತಾಗಲೇ ಇಲ್ಲ. ಎಂಟೂವರೆಗೆ ಬೆನಕಪ್ಪನ ಮನೆ. ಹತ್ತೂವರೆಗೆ ಹೊನ್ನಾಳಿ.

ಬೆನಕಪ್ಪ ಗೋಡೆ ಹಿಡಿದು ನಿಂತು ಹೇಳಿದ. “ಕೊಳಗ ನನ್ನ ಕೈಯಾಗಿತ್ತು ಸ್ವಾಮಿ. ಇಪ್ಪತ್ತು ಸುಗ್ಗಿ ಇವಳ ಕಣದಾಗೆ ಅಳ್ದೀನಿ. ಕೊಳಗದ ಬಾಯಿಗೆ ಸಮ ಮಾಡಿ ಅಳೀಬೇಡ, ಮೇಲೆ ರಾಶಿ ಏರಿಸಿ ಅಳಿ ಅಂತ ಪಂಚಾಕ್ಷರಪ್ಪ ಗೌಡ್ರು ಹೇಳ್ತಿದ್ರು. ಹಂಗೇ ಅಳ್ದೆ. ಆ ಪಾಪಾನೂ ಬರ್ಕಳ್ರಿ.” ಬರೆದುಕೊಂಡರು. ಪಂಚಾಕ್ಷರಪ್ಪ ನೆಲ ನೋಡುತ್ತಿದ್ದ. ತೀರ್ಮಾನ ಮುಂದಿನ ತಿಂಗಳು. ದ್ಯಾಮಮ್ಮನ ಹೆಸರು ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಸರ್ಕಾರದ ಕಾಗದದ ಮೇಲೆ ಆ ಹೊಲದ ಜೊತೆ ಬಿದ್ದಿದೆ. ಹೊರಗೆ ಬಂದ ಮೇಲೆ ಅವಳು ಬೈಕನ್ನು ಒಂದು ಸುತ್ತು ಹಾಕಿ ಹೆಡ್‌ಲೈಟಿನ ಮುಂದೆ ನಿಂತಳು. “ಇದೇನಪ್ಪಾ ಇದರ ಕಣ್ಣು?”

ಸಂಜೆ ಬರುವಾಗ ಶೆಡ್ಡಿನ ಮುಂದೆ ನಿಲ್ಲಿಸಿದೆ. ಎಂಜಿನ್ ಆಫ್ ಮಾಡುವ ಮೊದಲೇ ದುರುಗಣ್ಣ ಒಳಗಿನಿಂದ ಹೇಳಿದ. “ಚೈನು ಸಡ್ಲಾಗೈತೆ. ಸದ್ದು ಕೇಳಿಸ್ತಿಲ್ವಾ?” ಪಾನಾ ಹಿಡಿದು ಬಂದು ಬೈಕನ್ನು ಒಳಗೆ ನೂಕಿದ. ಹೊನ್ನಾಳಿಯಲ್ಲಿ ಏನಾಯಿತು ಎಂದು ಕೇಳಲಿಲ್ಲ. ಸಭೆಯ ಮಾತೂ ಎತ್ತಲಿಲ್ಲ. ಗೋಡೆಗೆ ಒರಗಿಸಿದ್ದ ಸ್ಟೂಲ್ ತೋರಿಸಿ ಕೂಡ್ರಿ ಎಂದ.

ಕೂತೆ. ಎದುರಿಗೆ ಬಾಗಿಲ ಹಲಗೆ. ಅದರ ಒಳಮೈ ಮೇಲೆ ಮೊಳದುದ್ದದ ಆ ಎರಡು ಕೆಂಪು ಅಕ್ಷರ. ಅವನು ಕೆರೆದಿರಲೇ ಇಲ್ಲ. ಬಿಚ್ಚಿ, ತಿರುಗಿಸಿ ಕೂಡಿಸಿದ್ದ.

“ಉಪ್ಪುಕಾಗದ ಕೊಡು ದುರುಗಣ್ಣ. ಉಜ್ಜಿ ಹಾಕ್ತೀನಿ.”

“ಬ್ಯಾಡ. ಹೊರಗಿನೋರಿಗೆ ಕಾಣಬಾರ್ದು ಅಂತ ತಿರುಗಿಸ್ದೆ. ಆ ಸ್ಟೂಲ್ ಮೇಲೆ ಕೂತೋರಿಗೆ ಕಾಣ್ಲಿ.” ಕೆಳಗೆ ಕೂತು ಹಿಂದಿನ ಚಕ್ರದ ನಟ್ಟು ಸಡಿಲಿಸಿದ. “ಸುಮ್ನೆ ಕೂಡ್ಬೇಡ್ರಿ. ಚಕ್ರ ಹಿಂದಕ್ಕೆ ಎಳೆದು ಹಿಡೀರಿ. ನಾನು ಸಾಕು ಅನ್ನೋ ತನಕ.”

ಎಳೆದು ಹಿಡಿದೆ. ಅವನು ಬೇಗ ಸಾಕು ಎನ್ನಲಿಲ್ಲ.